ಸೋತ ಪಂದ್ಯದ ಅಂಕಿ

ಚಿತ್ತಾಪುರ
12 ಆಗಸ್ಟ್ 2024

ಶೌಕತ ಅಲಿ ಸಾಹೇಬರಿಗೆ ಜೈಭೀಮ.

ನಾನು ಕರುಣಾ, ಚಿತ್ತಾಪುರ ಮಹಿಳಾ ಕಬಡ್ಡಿ ತಂಡದ ನಾಯಕಿ. ಶಹಾಬಾದಿನ ನಿಮ್ಮ ಫರ್ಸಿ ಕಲ್ಲಿನ ಅಂಗಡಿಗೆ ಎರಡು ಸಲ ಫೋನ್ ಮಾಡಿದೆ. ನಾನು ಯಾರೆಂದು ಹೇಳುವ ಮೊದಲೇ "ಲಾರಿ ನಾಳಿ ಬರ್ತದ್ರಿ" ಎಂದು ಇಟ್ಟುಬಿಟ್ಟಿರಿ. ಮೂರನೆಯ ಸಲ ನಿಮ್ಮ ಮನೆಯವರು ಹಸೀನಾಬೇಗಂ ಎತ್ತಿಕೊಂಡು, "ಕಲ್ಲು ಕೊಯ್ಯೋ ಮಶೀನಿನ ಸದ್ದಿಗೆ ಅವರ ಕಿವಿ ಮಂದ ಆಗ್ಯಾವಮ್ಮಾ. ಪೇಪರಿನ ತಕರಾರಿದ್ರ ಕಾಗದ ಬರಿ. ಕಾಗದಕ್ಕ ಜವಾಬು ಕೊಡದೆ ಬಿಡಂಗಿಲ್ಲ ಅವರು" ಎಂದರು. ಅದಕ್ಕೆ ಬರೆಯುತ್ತಿದ್ದೇನೆ.

ಮೊನ್ನೆ ಸೇಡಂನಲ್ಲಿ ನಮ್ಮ ಪಂದ್ಯವಿತ್ತು. ಮರುದಿನ 'ಕಾಗಿಣಾ ವಾಣಿ'ಯಲ್ಲಿ ನಿಮ್ಮ ವರದಿ ಬಂತು: "ಚಿತ್ತಾಪುರ ವನಿತೆಯರ ಕೆಚ್ಚೆದೆಯ ಹೋರಾಟ, ರೆಫರಿ ತೀರ್ಪಿನಿಂದ ಕೈತಪ್ಪಿದ ಜಯ." ಸಾಹೇಬರೇ, ನಾವು 38-14ರಿಂದ ಸೋತೆವು. ಕೈತಪ್ಪಲು ಜಯ ನಮ್ಮ ಕೈಯಲ್ಲಿ ಎಲ್ಲಿತ್ತು? ಪಾಪ, ಆ ರೆಫರಿ ಕನಿಕರದಿಂದ ನಮಗೇ ಎರಡು ಅಂಕ ಜಾಸ್ತಿ ಕೊಟ್ಟಂತಿತ್ತು.

ನಾನು ಪಕ್ಕದ ಹಳ್ಳಿಯ ಗ್ರಾಮ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಒಂಬತ್ತು ವರ್ಷದ 'ಕಾಗಿಣಾ ವಾಣಿ' ನನ್ನ ಹತ್ತಿರ ಕಟ್ಟಿಟ್ಟಿದೆ. ಸಿಟ್ಟು ಬಂದು ಎಲ್ಲಾ ಬಿಚ್ಚಿ ಕೂತೆ. ನಮ್ಮ ಭಾಗದ ತಂಡಗಳು ಗೆದ್ದಾಗಲೆಲ್ಲ ನೀವು ಅಂಕ ಹಾಕಿದ್ದೀರಿ. ಸೋತಾಗ ಒಂದರಲ್ಲೂ ಹಾಕಿಲ್ಲ. ಒಟ್ಟು ನಲವತ್ತಮೂರು ಸೋಲು. ಅದರಲ್ಲಿ ಇಪ್ಪತ್ತೇಳಕ್ಕೆ ರೆಫರಿ ಕಾರಣ, ಒಂಬತ್ತಕ್ಕೆ ಬಿಸಿಲು, ನಾಲ್ಕಕ್ಕೆ ಮೈದಾನ, ಮೂರಕ್ಕೆ ವಿಧಿಯಾಟ. ಆಡಿದವರು ಯಾವ ಸೋಲಿಗೂ ಕಾರಣರಲ್ಲ.

ನಗೆಯ ಮಾತು ಬಿಡಿ. ಮಾರ್ಚಿನಲ್ಲಿ ಚಿಂಚೋಳಿಯಲ್ಲಿ ಅರ್ಹತಾ ಟೂರ್ನಿ ಇದೆ. ಅಲ್ಲಿ ಗೆದ್ದರೆ ಕಲಬುರಗಿಯ ವಿಭಾಗ ಮಟ್ಟಕ್ಕೆ ಹೋಗಬಹುದು. ನಮ್ಮ ಕಡೆಯ ಹೆಣ್ಣುಮಕ್ಕಳ ತಂಡ ಇದುವರೆಗೆ ವಿಭಾಗ ಮಟ್ಟ ಕಂಡಿಲ್ಲ. ನನಗೀಗ ಇಪ್ಪತ್ತೇಳು. ಒಂದು ಸಲ ಅಲ್ಲಿ ಆಡಬೇಕೆಂಬುದು ನನ್ನ ಆಸೆ, ಹಠ ಎಂದರೂ ಸರಿ. ಅದಕ್ಕೆ ಕೋಚ್ ಬೇಕೆಂದು ಒಬ್ಬ ಅಧಿಕಾರಿಯ ಹತ್ತಿರ ಹೋಗಿ, ನಿಮ್ಮ ವರದಿಗಳನ್ನೇ ಅರ್ಜಿಗೆ ಲಗತ್ತಿಸಿ ಕೊಟ್ಟೆ. ಅವರು ಓದಿ, "ಪೇಪರಿನ್ಯಾಗ ಇಷ್ಟು ಚೊಲೋ ಆಡಾಕತ್ತೀರಿ, ನಿಮಗ ಕೋಚ್ ಯಾಕ ಬೇಕಮ್ಮಾ?" ಎಂದು ಅರ್ಜಿ ವಾಪಸ್ ಕೊಟ್ಟರು.

ದಯವಿಟ್ಟು ಮುಂದಿನ ಸಲ ನಾವು ಕೆಟ್ಟದಾಗಿ ಆಡಿದರೆ ಕೆಟ್ಟದಾಗಿ ಆಡಿದೆವೆಂದೇ ಬರೆಯಿರಿ.

ನಿಮ್ಮ ಓದುಗರಲ್ಲೊಬ್ಬಳು,
ಕರುಣಾ


ಶಹಾಬಾದ್
21 ಆಗಸ್ಟ್ 2024

ಕರುಣಾ ಅವರೇ, ಸಲಾಂ.

ನಿಮ್ಮ ಕಾಗದವನ್ನು ಹಸೀನಾ ಗಟ್ಟಿಯಾಗಿ ಓದಿ ನಕ್ಕಳು. ಇಪ್ಪತ್ತೇಳು ರೆಫರಿಗಳ ಲೆಕ್ಕ ಬಂದಾಗ ಚಹಾದ ಕಪ್ಪನ್ನು ಕೆಳಗಿಟ್ಟು ನಕ್ಕಳು. ಮೂವತ್ತೆರಡು ವರ್ಷದಿಂದ ಈ ಪತ್ರಿಕೆಗೆ ಆಟದ ಸುದ್ದಿ ಬರೆಯುತ್ತಿದ್ದೇನೆ. ವರದಿಯಲ್ಲಿ ತಮ್ಮನ್ನು ಹೊಗಳಿದ್ದು ಸಾಲದೆಂದು ಬಂದವರನ್ನು ಕಂಡಿದ್ದೇನೆ. ಬೈಯಿರಿ ಎಂದು ಬಂದವರು ನೀವೊಬ್ಬರೇ.

ಮೊದಲು ಒಂದು ತಪ್ಪೊಪ್ಪಿಗೆ. ಸೇಡಂ ಪಂದ್ಯವನ್ನು ನಾನು ಅರ್ಧಕ್ಕೇ ಬಿಟ್ಟು ಬಂದೆ. ವಾಡಿ ಕಡೆಯ ರೈಲು ತಪ್ಪಿದರೆ ಅಂಗಡಿ ತೆರೆಯುವುದು ತಡವಾಗುತ್ತಿತ್ತು. ಉಳಿದದ್ದನ್ನು ರೂಢಿಯ ಮೇಲೆ ಬರೆದೆ. ಕೆಚ್ಚೆದೆ, ಕೈತಪ್ಪಿದ ಜಯ, ಇವೆಲ್ಲ ಕೈಗೆ ಬಾಯಿಪಾಠವಾಗಿವೆ.

ಅಂಕಿ ಹಾಕದಿರುವುದಕ್ಕೆ ಮಾತ್ರ ಕಾರಣ ಬೇರೆ. 1996ರಲ್ಲಿ ನಮ್ಮೂರ ವಾಲಿಬಾಲ್ ತಂಡದಲ್ಲಿ ಕಾಶಪ್ಪ ಎಂಬವನಿದ್ದ. ಗಣಿಯಲ್ಲಿ ಕಲ್ಲು ಎತ್ತುವವನು, ಎತ್ತರದ ಆಳು. ಚಿತ್ತಾಪುರದ ಒಂದು ಫೈನಲ್‌ನಲ್ಲಿ ಅವನ ಕೈಯಿಂದ ಸಾಲುಸಾಲು ಸರ್ವಿಸ್ ನೆಟ್ಟಿಗೆ ಬಡಿದು, ಕೊನೆಯ ಸೆಟ್ 15-2 ಆಯಿತು. ನಾನಾಗ ಹೊಸಬ, ಕಣ್ಣಿಗೆ ಕಂಡದ್ದನ್ನೆಲ್ಲ ಬರೆಯಬೇಕೆಂಬ ಹುಮ್ಮಸ್ಸು. ಅವನ ಹೆಸರು, ಅಂಕಿ, ಎಷ್ಟು ಸರ್ವಿಸ್ ಹೋದವು, ಎಲ್ಲಾ ಬರೆದೆ. ಮರುದಿನದಿಂದ ಊರು ಅವನನ್ನು 'ಹದಿನೈದು-ಎರಡು' ಎಂದು ಕರೆಯತೊಡಗಿತು. ಹೋಟೆಲಿನಲ್ಲಿ "ಹದಿನೈದು-ಎರಡಕ್ಕ ಒಂದು ಚಾ ಕೊಡೋ" ಎನ್ನುವರು. ಅವನ ಮದುವೆಯಲ್ಲಿ ಬೀಗರ ಕಡೆಯವರೂ ಹಾಗೇ ಕರೆದರು. ವಾಲಿಬಾಲ್ ಬಿಟ್ಟ. ಒಂದು ದಿನ ಅಂಗಡಿಗೆ ಬಂದು, "ಸಾಹೇಬ್ರ, ನೀವು ಬರದದ್ದು ಸುಳ್ಳಲ್ಲರಿ. ಆದ್ರ ಇನ್ನ ಮ್ಯಾಗ ಯಾರದೂ ಹಿಂಗ ಬರೀಬ್ಯಾಡ್ರಿ" ಎಂದ. ಜಗಳವಾಡಲಿಲ್ಲ. ಆರು ವರ್ಷದ ಹಿಂದೆ ಅವನು ತೀರಿಕೊಂಡಾಗ ನನಗೆ ಸುದ್ದಿ ಹೇಳಿದವನು, "ಹದಿನೈದು-ಎರಡು ಹೋದನಂತ್ರಿ" ಎಂದ.

ಈಗ ಹೇಳಿ, ನಾನು ಏನು ಬರೆಯಲಿ? ರೆಫರಿಯನ್ನು ಬೈದರೆ ಯಾರಿಗೂ ನೋವಿಲ್ಲ. ಅವನು ಹೊರಗಿನವನು, ಸೀಟಿ ಜೇಬಿಗಿಟ್ಟು ತನ್ನ ಊರಿಗೆ ಹೋಗುತ್ತಾನೆ. ಆಡಿದವರು ಇದೇ ಊರಲ್ಲಿ ಬಾಳಬೇಕು.

ಆದರೂ ನಿಮ್ಮ ಮಾತು ತಲೆಯಿಂದ ಹೋಗುತ್ತಿಲ್ಲ. ಇನ್ನೊಮ್ಮೆ ಯೋಚಿಸಿ ಬರೆಯಿರಿ.

ಶೌಕತ ಅಲಿ


ಚಿತ್ತಾಪುರ
2 ಸೆಪ್ಟೆಂಬರ್ 2024

ಸಾಹೇಬರೇ,

ನಿಮ್ಮ ಕಾಗದವನ್ನು ತಂಡದ ಮುಂದೆ ಓದಿದೆ. ನಿಮ್ಮೂರಿನ ಶಗುಫ್ತಾ ಗೊತ್ತಲ್ಲ, ಸಾಲಿ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು, ನಮ್ಮ ಮುಖ್ಯ ರೈಡರ್. ಕಾಶಪ್ಪನ ಕಥೆಗೆ ಅವಳು ಕಣ್ಣಲ್ಲಿ ನೀರು ತಂದುಕೊಂಡಳು. ಆಮೇಲೆ ಅವಳೇ ಹೇಳಿದಳು: "ಅಕ್ಕಾ, ನಮಗ ಹೆಂಗೂ ಮಂದಿ ಏನಾರ ಒಂದು ಅಂತಾರ. ಚಡ್ಡಿ ಹಾಕ್ಕೊಂಡು ಆಡ್ತಾವ ಅಂತಾರ. ಅಂಕಿಲೆ ಕರದ್ರ ಅದರಕಿಂತ ಚೊಲೋನೇ ಅಲ್ಲೇನು?"

ಯೋಚಿಸಿಯೇ ಬರೆಯುತ್ತಿದ್ದೇನೆ. ಅಕ್ಟೋಬರಿನಲ್ಲಿ ವಾಡಿಯಲ್ಲಿ ಪಂದ್ಯವಿದೆ. ಪೂರ್ತಿ ನೋಡಿರಿ. ಅಂಕಿ ಹಾಕಿರಿ. ಯಾರು ತಪ್ಪಿದರೋ ಅವರ ಹೆಸರು ಹಾಕಿರಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಜವಾಬ್ದಾರಿ ನನ್ನದು.

ಕರುಣಾ


ಚಿತ್ತಾಪುರ
24 ಅಕ್ಟೋಬರ್ 2024

ಶೌಕತ ಅಲಿ ಅವರಿಗೆ,

ಇಂದು ಗ್ರಂಥಾಲಯದಲ್ಲಿ ನಿಮ್ಮ ಪತ್ರಿಕೆಯನ್ನು ಓದುವ ಮೇಜಿನ ಮೇಲೆ ಇಡದೆ ನನ್ನ ಡ್ರಾಯರಿನಲ್ಲಿ ಇಟ್ಟೆ. ಏಳು ವರ್ಷದ ನೌಕರಿಯಲ್ಲಿ ಹೀಗೆ ಮಾಡಿದ್ದು ಇದೇ ಮೊದಲು.

"ವಾಡಿ: ಚಿತ್ತಾಪುರಕ್ಕೆ 33-19 ಸೋಲು. ಉತ್ತರಾರ್ಧದ ಹದಿನಾರು ರೈಡ್‌ಗಳಲ್ಲಿ ಒಂಬತ್ತನ್ನು ನಾಯಕಿ ಕರುಣಾ ತಾವೇ ಮಾಡಿದರು. ನಾಲ್ಕು ಬಾರಿ ಸಿಕ್ಕಿಬಿದ್ದರು. ತಂದದ್ದು ಒಂದೇ ಅಂಕ. ಪ್ರತಿ ಸಲ ಬಲಗಡೆಯಿಂದಲೇ ನುಗ್ಗಿದ್ದರಿಂದ ಎದುರಾಳಿಗಳು ಕಾದು ನಿಂತಿದ್ದರು. ಮೊದಲಾರ್ಧದಲ್ಲಿ ಏಳು ಅಂಕ ತಂದ ಶಗುಫ್ತಾ ಅವರಿಗೆ ಕೊನೆಯ ಹತ್ತು ನಿಮಿಷ ಒಂದೂ ರೈಡ್ ಸಿಗಲಿಲ್ಲ. ರೆಫರಿಯ ಕೆಲಸ ಚೆನ್ನಾಗಿತ್ತು."

ಇದನ್ನು ನಾನೇ ಕೇಳಿದ್ದೆ, ಗೊತ್ತು. ತಂಡದ ಬಗ್ಗೆ ಬರೆಯಿರಿ ಎಂದಿದ್ದೆ. ನನ್ನೊಬ್ಬಳ ಬಗ್ಗೆ ನಿಬಂಧ ಬರೆಯಿರಿ ಎಂದಿರಲಿಲ್ಲ. ಶಗುಫ್ತಾಗೆ ಕಾಲು ಉಳುಕಿರಬಹುದು ಎಂದು ನನಗೆ ಅನಿಸಿತ್ತು. ಅದನ್ನು ನೀವು ಕೇಳಿದಿರಾ? ನಾಯಕಿಗೆ ನೂರೆಂಟು ವಿಚಾರ ಇರುತ್ತವೆ. ಗೆರೆಯ ಹೊರಗೆ ಕುರ್ಚಿ ಹಾಕಿ ಕೂತವರಿಗೆ ಅದು ಹೇಗೆ ತಿಳಿಯಬೇಕು?

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ, "ಬಲಗಡೆ ಕರುಣಾ ಹೊಂಟಾಳ ನೋಡ್ರೋ" ಎಂದ. ನಮ್ಮ ಅಣ್ಣ ಸಂಘಪಾಲ ಮನೆಯಲ್ಲಿ ಪೇಪರ್ ಓದಿ, ಮಡಚಿ ಹಾಸಿಗೆಯ ಕೆಳಗೆ ಇಟ್ಟ. ಅದೇ ನನಗೆ ಹೆಚ್ಚು ನೋವಾಯಿತು.

ಇನ್ನು ನಮ್ಮ ತಂಡದ ಬಗ್ಗೆ ಬರೆಯಬೇಡಿ. ಹೊಗಳಿಕೆಯೂ ಬೇಡ, ಇದೂ ಬೇಡ.

ಕರುಣಾ


ಶಹಾಬಾದ್
30 ಅಕ್ಟೋಬರ್ 2024

ಕರುಣಾ ಬೇಟಿ,

ಕಾಗದ ಬಂತು. ಇದನ್ನು ಹಸೀನಾ ಗಟ್ಟಿಯಾಗಿ ಓದಲಿಲ್ಲ. ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ವರದಿ ಬರೆದ ಸಂಜೆ ಅದನ್ನು ಎರಡು ಸಲ ಹರಿದು ಹಾಕಿದ್ದೆ. ಒಂದರಲ್ಲಿ ನಿನ್ನ ಹೆಸರಿರಲಿಲ್ಲ. 'ತಂಡದ ಹೊಂದಾಣಿಕೆಯ ಕೊರತೆ' ಎಂದಿತ್ತು. ಚೆಂದದ ಮಾತು, ಯಾರಿಗೂ ತಾಗುವುದಿಲ್ಲ. ಆಗ ನಿನ್ನ ಮೊದಲ ಕಾಗದ ನೆನಪಾಗಿ ಮೂರನೆಯದನ್ನು ಕಳಿಸಿದೆ.

ಬರೆದದ್ದು ತಪ್ಪೆಂದು ಹೇಳಲಾರೆ. ಆದರೆ ನಿನಗೆ ನೋವಾಗಿದೆ, ಅದು ನನಗೂ ನೋವೇ. ಶಗುಫ್ತಾಳ ಕಾಲನ್ನು ಪಂದ್ಯ ಮುಗಿದ ಮೇಲೆ ಕೇಳಿದ್ದೆ. "ಏನೂ ಆಗಿಲ್ಲ ಚಾಚಾ" ಎಂದಳು. ಅದನ್ನು ಬರೆಯಲಿಲ್ಲ, ಅಷ್ಟರಮಟ್ಟಿಗೆ ಇನ್ನೂ ಊರವನಾಗಿಯೇ ಉಳಿದಿದ್ದೇನೆ.

ಬೇಡವೆಂದರೆ ಬರೆಯುವುದಿಲ್ಲ.

ಶೌಕತ ಅಲಿ


ಚಿತ್ತಾಪುರ
19 ಜನವರಿ 2025

ಚಾಚಾ, ಜೈಭೀಮ.

ಎರಡೂವರೆ ತಿಂಗಳು ನಿಮಗೆ ಬರೆಯಲಿಲ್ಲ. ಸಿಟ್ಟು ಹದಿನೈದು ದಿನಕ್ಕೇ ಇಳಿದಿತ್ತು. ಉಳಿದ ಎರಡು ತಿಂಗಳು ನಾಚಿಕೆ.

ನವೆಂಬರಿನಲ್ಲಿ ಒಂದು ದಿನ ನಾವು ಅಭ್ಯಾಸ ಮಾಡುವಾಗ ಒಬ್ಬ ಹೆಣ್ಣುಮಗಳು ವಾಡಿಯಿಂದ ಬಂದು ಬದುವಿನ ಮೇಲೆ ಕೂತರು. ಐವತ್ತರ ಮೇಲಿನ ವಯಸ್ಸು, ಸೀರೆ, ಕೈಯಲ್ಲಿ ಸಂತೆಯ ಚೀಲ. ಅರ್ಧ ತಾಸು ಸುಮ್ಮನೆ ನೋಡಿ, ಚೀಲದಿಂದ ನಿಮ್ಮ ವರದಿ ತೆಗೆದು, "ಇದರಾಗಿನ ಕರುಣಾ ಯಾರವ್ವಾ?" ಎಂದರು. ಜಗಳಕ್ಕೆ ಬಂದವರು ಎಂದುಕೊಂಡೆ. ಅವರು ಪೀರಮ್ಮ. ಹರೆಯದಲ್ಲಿ ರೈಲ್ವೆ ತಂಡಕ್ಕೆ ಆಡಿದವರು. "ಪೇಪರಿನ್ಯಾಗ ಕಬಡ್ಡಿ ಸುದ್ದಿ ಭಾಳ ಓದೀನಿ. ಆಟ ಹೆಂಗ ಆಯ್ತು ಅಂತ ತಿಳಿಯೋಹಂಗ ಬರದದ್ದು ಇದೊಂದೇ ನೋಡೀನಿ. ನಿನ್ನ ಬಲಗಡಿ ಚಟ ಬಿಡಿಸಾಕ ಬಂದೀನಿ, ಏಳು" ಎಂದರು.

ಅಂದಿನಿಂದ ವಾರಕ್ಕೆ ನಾಲ್ಕು ದಿನ ಬರುತ್ತಾರೆ. ಎಡಗಡೆಯಿಂದ ಹೋಗುವುದನ್ನು ಕಲಿಯಲು ನನಗೆ ಒಂದು ತಿಂಗಳು ಬೇಕಾಯಿತು. ಅವರ ಬೈಗುಳದ ಮುಂದೆ ನಿಮ್ಮದು ಏನೂ ಅಲ್ಲ.

ಶಗುಫ್ತಾಗೆ ಆ ದಿನ ಕಾಲು ಉಳುಕಿರಲಿಲ್ಲ. ನನಗೂ ಗೊತ್ತಿತ್ತು. ಅವಳು ಏಳು ಅಂಕ ತಂದಾಗ ಮೈದಾನದ ಸುತ್ತ ಎಲ್ಲರೂ ಅವಳ ಹೆಸರು ಕೂಗುತ್ತಿದ್ದರು. ನಾನು ಆರು ವರ್ಷದಿಂದ ನಾಯಕಿ, ನನ್ನ ಹೆಸರನ್ನು ಯಾರೂ ಹಾಗೆ ಕೂಗಿರಲಿಲ್ಲ. ಇದನ್ನು ಅವಳಿಗೇ ಹೇಳಿದೆ. ಅವಳು, "ನಂಗ ಅವತ್ತೇ ತಿಳದಿತ್ತು ಅಕ್ಕಾ. ಪೇಪರ್ ಹೇಳ್ತು, ಚೊಲೋ ಆಯ್ತು, ಇಲ್ಲಾಂದ್ರ ನಾನೇ ಹೇಳಬೇಕಾಗ್ತಿತ್ತು" ಎಂದು ನಕ್ಕಳು.

ಮಾರ್ಚ್ 2ಕ್ಕೆ ಚಿಂಚೋಳಿಯಲ್ಲಿ ಟೂರ್ನಿ. ಬನ್ನಿರಿ. ಬರೆಯಿರಿ. ನಾನು ಬೇಡವೆಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ನಿಮ್ಮ
ಕರುಣಾ


ಶಹಾಬಾದ್
28 ಜನವರಿ 2025

ಕರುಣಾ ಬೇಟಿ,

ಬರುತ್ತೇನೆ. ಅಂಗಡಿಯನ್ನು ಹಸೀನಾ ನೋಡಿಕೊಳ್ಳುತ್ತಾಳೆ. ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ಅವಳ ಮುಂದೆ ಮಾತು ಕೊಟ್ಟಿದ್ದೇನೆ. ಕಿವಿಗೊಂದು ಮಶೀನ್ ಕೂಡ ತರಿಸಿದ್ದಾಳೆ. ಈಗ ಮನೆಯಲ್ಲಿ ಅವಳು ಅಷ್ಟು ವರ್ಷ ಏನೇನು ಅನ್ನುತ್ತಿದ್ದಳೆಂದು ಕೇಳಿಸುತ್ತಿದೆ.

ಪೀರಮ್ಮನವರಿಗೆ ನನ್ನ ಸಲಾಂ ಹೇಳು. ನನ್ನ ವರದಿಯಿಂದ ಯಾರಿಗಾದರೂ ಉಪಕಾರವಾಯಿತೆಂದು ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳುತ್ತಿದ್ದೇನೆ. ಭಾಳ ಸಂತೋಷವಾಯಿತು.

ಶೌಕತ ಅಲಿ


ಚಿತ್ತಾಪುರ
5 ಮಾರ್ಚ್ 2025

ಚಾಚಾ,

ನೀವು ನೋಡಿದ್ದೀರಿ. ಆದರೂ ಬರೆಯದೆ ಇರಲಾಗುತ್ತಿಲ್ಲ.

ಫೈನಲ್‌ನಲ್ಲಿ ಸುಲೇಪೇಟ ತಂಡದ ಮೇಲೆ 28-28 ಆಗಿ ಕೊನೆಯ ರೈಡ್ ಉಳಿದಿತ್ತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಶಗುಫ್ತಾಳನ್ನು ಕಳಿಸಿದೆ. ನನ್ನ ಆಟದ ಜೀವನದಲ್ಲಿ ಅದಕ್ಕಿಂತ ಸರಿಯಾದ ತೀರ್ಮಾನ ಮಾಡಿಲ್ಲ, ಈಗಲೂ ಹಾಗೇ ಅನ್ನುತ್ತೇನೆ. ಅವಳು ಒಬ್ಬಳನ್ನು ಮುಟ್ಟಿದಳು. ಮೂವರು ಮೇಲೆ ಬಿದ್ದರು. ಎಳೆದುಕೊಂಡೇ ನಡುಗೆರೆಯ ತನಕ ಬಂದು ಕೈ ಚಾಚಿದಳು. ರೆಫರಿ ಜಗ್ಗಾಟದಿಂದ ತಪ್ಪಿಸಿಕೊಳ್ಳಲು ಹಿಂದೆ ಸರಿದಿದ್ದರು. ಔಟ್ ಎಂದರು. ಸುಲೇಪೇಟಕ್ಕೆ 29-28.

ಸುಣ್ಣದ ಗೆರೆ ಅಷ್ಟರಲ್ಲಿ ಅಳಿಸಿಹೋಗಿತ್ತು. ಮೊಬೈಲಿನಲ್ಲಿ ಹಿಡಿದವರು ಹತ್ತಾರು ಮಂದಿ. ಆ ಗಳಿಗೆಗೆ ಎಲ್ಲರೂ ಎದ್ದು ನಿಂತುಬಿಟ್ಟಿದ್ದಾರೆ, ಯಾವ ವಿಡಿಯೋ ನೋಡಿದರೂ ಬೆನ್ನು ಬಿಟ್ಟು ಬೇರೆ ಇಲ್ಲ. ನಡುಗೆರೆಯ ಪಕ್ಕದಲ್ಲೇ ಕೂತಿದ್ದವರು ನೀವೊಬ್ಬರೇ. ಮರುದಿನ ನೀವು ಬರೆದಿದ್ದೀರಿ: "ಶಗುಫ್ತಾ ಅವರ ಬಲಗೈ ಸೀಟಿಗೆ ಮೊದಲೇ ನಡುಗೆರೆ ಮುಟ್ಟಿತ್ತು. ತೀರ್ಪು ತಪ್ಪಾಗಿತ್ತು."

ನಾವು ತಕರಾರು ಅರ್ಜಿ ಕೊಟ್ಟಿದ್ದೇವೆ. 12ಕ್ಕೆ ಕಲಬುರಗಿಯಲ್ಲಿ ಪಂದ್ಯಾವಳಿ ಸಮಿತಿ ವಿಚಾರಣೆ ಮಾಡುತ್ತದೆ. ತೀರ್ಪು ಬದಲಾದರೆ ನಾವು ವಿಭಾಗ ಮಟ್ಟಕ್ಕೆ. ಅರ್ಜಿಗೆ ನಿಮ್ಮ ವರದಿ ಬಿಟ್ಟು ಬೇರೆ ಪುರಾವೆ ಇಲ್ಲ. ನೀವೇ ಬಂದು ಹೇಳಿದರೆ ಇನ್ನೂ ಒಳ್ಳೆಯದು. ಆ ದಿನ ಪಂಚಾಯ್ತಿಯ ತಪಾಸಣೆ ಇರುವುದರಿಂದ ನಾನು ಬರಲಾರೆ. ನನಗೆ ನಿದ್ದೆಯೇ ಇಲ್ಲ ಚಾಚಾ.

ಕರುಣಾ


ಶಹಾಬಾದ್
13 ಮಾರ್ಚ್ 2025

ಕರುಣಾ ಬೇಟಿ,

ಅರ್ಜಿ ತಿರಸ್ಕಾರವಾಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಕೆಳಗೆ ಹುಡುಕುತ್ತಾ ಓದಬೇಡ.

ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷರು ಅಮೃತಪ್ಪ, ಸೇಡಂ ತಾಲ್ಲೂಕಿನ ಮುಧೋಳದವರು. ಮೊದಲು ರೆಫರಿಯಾಗಿದ್ದವರು. ಮುಖ ನೋಡಿದ್ದೇ ಎಲ್ಲೋ ಕಂಡಂತಿದೆ ಎನಿಸಿತು. ಚಹಾ ಕೊಟ್ಟರು, ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದರು. ಕಿವಿಗೆ ಮಶೀನ್ ಹಾಕಿದ್ದೆ, ಅವರ ಒಂದೊಂದು ಮಾತೂ ಕೇಳಿಸಿತು.

"ಸಾಹೇಬ್ರ, ನಿಮ್ಮೂರು ಯಾವಾಗರ ತನ್ನ ತಪ್ಪಿಲೆ ಸೋತದ ಏನ್ರಿ?" ಎಂದು ಕೇಳಿದರು.

ವಾಡಿಯ ವರದಿ ತೋರಿಸಿದೆ. "ಇದೊಂದು ಅದ. ಇದರ ಹಿಂದ ಎಷ್ಟವ?" ಎಂದರು. ನಿನ್ನ ಇಪ್ಪತ್ತೇಳರ ಲೆಕ್ಕ ನೆನಪಿತ್ತು, ಅದೂ ಒಂಬತ್ತೇ ವರ್ಷದ್ದು. ವರದಿಯನ್ನು ಮಡಚಿಕೊಂಡೆ.

ಆಮೇಲೆ ಅವರು ಕಣ್ಣು ಮುಚ್ಚಿ ಒಂದು ಸಾಲು ಹೇಳಿದರು: "'ಮುಧೋಳದ ರೆಫರಿ ಅಮೃತಪ್ಪ ಅವರ ಕುರುಡು ತೀರ್ಪುಗಳಿಂದ ಶಹಾಬಾದ್ ತಂಡ ಬಲಿಯಾಯಿತು.' 2011, ಡಿಸೆಂಬರ್. ನೀವು ಬರದದ್ರಿ. ನಂಗ ಬಾಯಿಪಾಠ ಅದ. ನಮ್ಮೂರ ಬಸ್ ಸ್ಟ್ಯಾಂಡಿನ್ಯಾಗ ಮಂದಿ ನನ್ನ ಕಣ್ಣ ಮುಂದ ಕೈ ಬೀಸಿ 'ಕಾಣ್ತದೇನ್ರಿ' ಅಂತಿದ್ರು. ನನ್ನ ಮಗಳ ಸಾಲ್ಯಾಗೂ ಅಂದ್ರು. ಆ ವರ್ಷದಿಂದ ನಾ ಸೀಟಿ ಬಾಯಾಗ ಇಟ್ಟಿಲ್ಲ. ಅವತ್ತಿನ ಆಟ ನಿಮಗ ನೆನಪದ ಏನ್ರಿ?"

ನನಗೆ ನೆನಪಿರಲಿಲ್ಲ, ಬೇಟಿ. ಆ ದಿನ ಪಂದ್ಯಕ್ಕೆ ಹೋಗಿದ್ದೆನೋ ಇಲ್ಲವೋ ಅದೂ ನೆನಪಿಲ್ಲ.

ರೆಫರಿಯನ್ನು ಬೈದರೆ ಯಾರಿಗೂ ನೋವಿಲ್ಲ ಎಂದು ನಿನಗೆ ಬರೆದಿದ್ದೆ. ಅವನು ತನ್ನ ಊರಿಗೆ ಹೋಗುತ್ತಾನೆ ಎಂದಿದ್ದೆ. ಆ ಊರಿನಲ್ಲೂ ಪೇಪರ್ ಬರುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಕಾಶಪ್ಪನಿಗೆ ಮಾಡಿದ್ದು ಇನ್ನೊಬ್ಬರಿಗೆ ಆಗಬಾರದೆಂದು ಅಂಕಿ ಬಿಟ್ಟೆ. ಅದನ್ನೇ ಇಷ್ಟೂ ವರ್ಷ ಬೇರೆಯವರ ಊರಿಗೆ ಕಳಿಸುತ್ತಿದ್ದೆ.

ಅಮೃತಪ್ಪನವರ ಕೈ ಹಿಡಿದು ಮಾಫಿ ಕೇಳಿದೆ. ಅವರು, "ಇರಲಿ ಬಿಡ್ರಿ, ವಯಸ್ಸಾಯ್ತು ಇಬ್ಬರಿಗೂ. ಆದ್ರ ನಿಮ್ಮ ಮಾತಿನ ಮ್ಯಾಗ ತೀರ್ಪು ಬದಲಿ ಮಾಡಾಕ ನನ್ನಿಂದ ಆಗಂಗಿಲ್ಲ" ಎಂದರು. ಅದರಲ್ಲಿ ದ್ವೇಷವಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ನನ್ನನ್ನು ನಂಬುತ್ತಿರಲಿಲ್ಲ.

ನೀವು ಗೆದ್ದದ್ದನ್ನು ನಾನು ಸೋಲಿಸಿದೆ. ಯಾವ ಮುಖ ಇಟ್ಟುಕೊಂಡು ನಿಮ್ಮ ಮೈದಾನಕ್ಕೆ ಬರಲಿ?

ಶೌಕತ ಅಲಿ


ಚಿತ್ತಾಪುರ
27 ಮಾರ್ಚ್ 2025

ಚಾಚಾ,

ಕಾಗದ ಬಂದ ದಿನ ಪೀರಮ್ಮ ಅಭ್ಯಾಸ ಬಿಡಿಸಲಿಲ್ಲ. "ಅಳೂದಿದ್ರ ಓಡಿಕೋತ ಅಳ್ರಿ" ಎಂದು ಮೈದಾನದ ಸುತ್ತ ಇಪ್ಪತ್ತು ಸುತ್ತು ಓಡಿಸಿದರು. ನಾನು ಓಡುತ್ತಲೇ ಅತ್ತೆ. ವಿಭಾಗ ಮಟ್ಟ ಈ ವರ್ಷ ಇಲ್ಲ. ಮುಂದಿನ ವರ್ಷಕ್ಕೆ ನನಗೆ ಇಪ್ಪತ್ತೆಂಟು, ಆಡುತ್ತೇನೆ. ನಿಮ್ಮ ಮೇಲೆ ಒಂದೆರಡು ದಿನ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಈಗ ಇಲ್ಲ.

ಈ ಕಾಗದ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಶಗುಫ್ತಾ ಮೊದಲಿನಂತಿಲ್ಲ. ರೈಡಿಗೆ ಹೋದವಳು ಗೆರೆಯ ಹತ್ತಿರ ಬಂದಾಗ ಕೈ ಚಾಚಲು ಹಿಂದುಮುಂದು ನೋಡುತ್ತಾಳೆ. ನಿನ್ನೆ ಕೂಡಿಸಿಕೊಂಡು ಕೇಳಿದೆ. ತಲೆ ತಗ್ಗಿಸಿ, "ಅಕ್ಕಾ, ಅವತ್ತು ನನ್ನ ಮುಖ ಮಣ್ಣಾಗ ಇತ್ತು, ಮ್ಯಾಲ ಮೂರು ಮಂದಿ ಇದ್ರು. ಮುಟ್ಟಿದ್ನೋ ಇಲ್ಲೋ ನಂಗೇ ಗೊತ್ತಿಲ್ಲ. ಚಾಚಾ ಬರದಾರಂತ ಮುಟ್ಟೀನಿ ಅನ್ಕೊಂಡಿದ್ದೆ. ಅವರು ಖರೇ ನೋಡಿ ಬರದಾರೋ, ನಮ್ಮೂರ ಹುಡುಗಿ ಅಂತ ಬರದಾರೋ?" ಎಂದು ಕೇಳಿದಳು.

ಗೆರೆಯ ಪಕ್ಕ ಕೂತಿದ್ದವರು ನೀವು. ನೀವೇ ಅವಳಿಗೆ ಬರೆಯಿರಿ.

ಕರುಣಾ


ಶಹಾಬಾದ್
2 ಏಪ್ರಿಲ್ 2025

ಶಗುಫ್ತಾ ಬೇಟಿ,

ನೀನು ನಮ್ಮ ಓಣಿಯಿಂದ ಎರಡು ಓಣಿ ಆಚೆ ಇರುತ್ತೀ. ಬಂದು ಹೇಳಬಹುದಿತ್ತು. ಎದುರಿಗೆ ಹೇಳಲು ನನ್ನಿಂದ ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿನ್ನ ಪ್ರಶ್ನೆಯನ್ನು ಕರುಣಾ ನನಗೆ ಬರೆದಿದ್ದಾಳೆ. ಅದನ್ನು ಓದಿ ಆ ದಿನದ ನನ್ನ ಬುಕ್ಕನ್ನು ಮತ್ತೆ ತೆಗೆದೆ.

ಮೊದಲು ನೀನು ಕೇಳದ ಒಂದು ವಿಷಯ ಹೇಳಬೇಕು. ಆ ಪಂದ್ಯದ ಮೊದಲಾರ್ಧ, ಹನ್ನೊಂದನೆಯ ನಿಮಿಷ. ನೀನು ನನ್ನ ಕುರ್ಚಿಯ ಕಡೆಯಿಂದ ನುಗ್ಗಿದೆ. ಎದುರಾಳಿಯನ್ನು ಮುಟ್ಟುವ ಮೊದಲು ನಿನ್ನ ಎಡಗಾಲು ಪಕ್ಕದ ಗೆರೆಯ ಹೊರಗೆ ಒಂದು ಗೇಣು ಬಿತ್ತು. ರೆಫರಿಯ ಕಣ್ಣು ನಿನ್ನ ಕೈ ಮೇಲಿತ್ತು. ನಮಗೆ ಒಂದು ಅಂಕ ಕೊಟ್ಟರು. ನೀನು ಔಟ್ ಆಗಬೇಕಿತ್ತು, ಅಂಕ ಸುಲೇಪೇಟಕ್ಕೆ ಹೋಗಬೇಕಿತ್ತು.

ಅದನ್ನು ನಾನು ನೋಡಿದೆ. ನನ್ನ ಬುಕ್ಕಿನಲ್ಲಿ ಬರೆದುಕೊಂಡೆ. ವರದಿಯಲ್ಲಿ ಬರೆಯಲಿಲ್ಲ. ಸಮಿತಿಯ ಮುಂದೆ ಅಮೃತಪ್ಪನವರು, "ಅವತ್ತು ರೆಫರಿದು ಮತ್ತೇನರ ತಪ್ಪು ನೋಡಿದ್ರೇನ್ರಿ?" ಎಂದು ಕೇಳಿದ್ದರು. ಇಲ್ಲ ಎಂದೆ. ಅವರ ಕೈ ಹಿಡಿದು ಮಾಫಿ ಕೇಳಿದ್ದು ಅದಾದ ಮೇಲೆ. ಕರುಣಾಗೂ ಈ ಮಾತು ಹೇಳಿಲ್ಲ. ಸತ್ಯ ಬರೆಯಲು ಕಲಿತೆ ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದ ದಿನವೂ ಅರ್ಧವನ್ನು ಜೇಬಿನಲ್ಲಿಟ್ಟುಕೊಂಡು ಬಂದೆ.

ಆ ತೀರ್ಪು ಸರಿಯಾಗಿದ್ದರೆ ಪಂದ್ಯ ಅಲ್ಲಿಂದಲೇ ಬೇರೆ ದಾರಿ ಹಿಡಿಯುತ್ತಿತ್ತು. ನಾವು ಗೆಲ್ಲುತ್ತಿದ್ದೆವೋ ಸೋಲುತ್ತಿದ್ದೆವೋ ಹೇಳಲಾರೆ. ಇವೆಲ್ಲವನ್ನೂ ಬರೆದು, ಅಂಕಿ ಸಮೇತ, ಇಂದು ಬೆಳಿಗ್ಗೆ ಪತ್ರಿಕೆಗೆ ಕಳಿಸಿದ್ದೇನೆ. ಒಂದು ಪ್ರತಿ ಅಮೃತಪ್ಪನವರಿಗೂ ಹೋಗಿದೆ. ನಾಳೆ ಊರಲ್ಲಿ ನನಗೂ ನಿನಗೂ ನಾಲ್ಕು ಮಾತು ಬರುತ್ತವೆ. ನಿನ್ನ ಪಾಲಿನದಕ್ಕೆ ನನ್ನನ್ನು ಕ್ಷಮಿಸು.

ಈಗ ನಿನ್ನ ಪ್ರಶ್ನೆ. ಕೊನೆಯ ರೈಡಿನಲ್ಲಿ ನೀನು ನನ್ನಿಂದ ಎರಡು ಹೆಜ್ಜೆ ದೂರದಲ್ಲಿದ್ದೆ. ಸುಣ್ಣ ಅಳಿಸಿತ್ತು, ಆದರೆ ಗೆರೆ ಎಳೆಯುವಾಗ ಕೊರೆದ ಗೀರು ಮಣ್ಣಿನಲ್ಲಿ ಹಾಗೇ ಇತ್ತು. ನಿನ್ನ ಬಲಗೈಯ ಮೂರು ಬೆರಳು ಆ ಗೀರಿನೊಳಗೆ ಇಳಿದವು. ಸೀಟಿ ಅದಾದ ಮೇಲೆ ಬಂತು. ಕಾಲು ಹೊರಗೆ ಬಿದ್ದದ್ದನ್ನು ನೋಡಿದ ಕಣ್ಣಿನಿಂದಲೇ ಇದನ್ನೂ ನೋಡಿದ್ದೇನೆ.

ಮುಟ್ಟಿದ್ದೆ, ಮಗಳೇ.

ಶೌಕತ ಅಲಿ